ಕಿರುಗೊಂಬೆಗಳಲ್ಲಿ ಊರಿನ ಅಂತಸ್ತುಗಳು

ಹಾನಗಲ್ಲ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಲ್ಲಿನಿಂದಲೇ ಆರಂಭಿಸುವರು. ಅದು ಸಹಜವೂ ಆಗಿರುವದು. ಪಾನುಂಗಲ್ಲೆಂದು ಶಾಸನಗಳಲ್ಲಿ ಹೆಸರಾದ ಆ ಪಟ್ಟಣವು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಅಲ್ಲಿಯ ತಾರಕೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಅರಳಿರುವ ಕಲ್ಲಿನ ಕಮಲವನ್ನು ನೋಡಿದವನು ಆ ಕಾಲದ ಶಿಲ್ಪಿಗಳ ಕೈಗೆ ತಲೆವಾಗದೆ ಇರಲಾರನು. ಆದರೆ ಊರೆಂಬುದು ಅರಸರಿಂದಲೂ ದೇಗುಲಗಳಿಂದಲೂ ಮಾತ್ರವೇ ಆದುದಲ್ಲ. ಕೆರೆಯ ಕೆಳಗಣ ಗದ್ದೆಯಲ್ಲಿ ಭತ್ತ ಬೆಳೆದವರಾರು, ಗಡಿಗೆ ಸುಟ್ಟವರಾರು, ಬಟ್ಟೆ ಒಗೆದವರಾರು, ಅವರು ಗೌಡನ ಮನೆಗೆ ಬಂದಾಗ ಪಡಸಾಲೆಯನ್ನೇರುತ್ತಿದ್ದರೋ ಅಂಗಳದಲ್ಲಿಯೇ ನಿಲ್ಲುತ್ತಿದ್ದರೋ ಎಂಬ ಪ್ರಶ್ನೆಗಳಿಗೆ ದೊಡ್ಡ ಕಲ್ಲುಗಳು ಉತ್ತರ ಕೊಡುವದು ಅಪರೂಪ. ಆ ಉತ್ತರವನ್ನು ಅರಸುವವನು ಗೇಣುದ್ದದ ವಸ್ತುಗಳ ಕಡೆಗೆ ತಿರುಗಬೇಕಾಗುವದು. ಮಕ್ಕಳಾಡುವ ಗೊಂಬೆ, ಹಬ್ಬಕ್ಕೆ ಮಾಡುವ ಮಣ್ಣಿನ ಮೂರ್ತಿ, ಮದುವೆಯ ಪೆಟ್ಟಿಗೆಯಲ್ಲಿ ಬಂದ ಮರದ ಪುತ್ತಳಿ ಇವೇ ಆ ವಸ್ತುಗಳು.

ಕಲ್ಲಿನಲ್ಲಿ ಕಿರುರೂಪಗಳಿಲ್ಲವೆಂದು ಇದರ ಅರ್ಥವಲ್ಲ. ಹಾನಗಲ್ಲಿನ ವೀರಗಲ್ಲುಗಳನ್ನು ನೋಡಿದವರಿಗೆ ಅವುಗಳ ಪಟ್ಟಿಕೆಗಳಲ್ಲಿ ಕಿಕ್ಕಿರಿದ ಆನೆ, ಕುದುರೆ, ಬಿಲ್ಲಾಳುಗಳ ಪರಿಚಯವಿರುವದು. ಕೆಳಗಣ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಇದು ವೀರಗಲ್ಲಿನ ಸಾಮಾನ್ಯ ರಚನೆ. ಕ್ರಿ. ಶ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಈ ಕೋಟೆಯನ್ನು ಮುತ್ತಿದ ವೃತ್ತಾಂತವು ಉಳಿದಿರುವದೂ ವೀರಗಲ್ಲಿನಿಂದಲೇ. ತುರುಗೋಳಿನಲ್ಲಿ ಮಡಿದ ಸಾಮಾನ್ಯ ಆಳಿಗೂ ಈ ಕಲ್ಲುಗಳು ಕೈಲಾಸದವರೆಗೆ ಮೆಟ್ಟಿಲನ್ನು ಕಟ್ಟಿಕೊಟ್ಟವೆಂಬುದು ದೊಡ್ಡ ಮಾತು. ಆದರೆ ಆ ಮೆಟ್ಟಿಲನ್ನೇರಲು ಅವನು ಸಾಯಬೇಕಾಗಿದ್ದಿತು. ಬದುಕಿ ದುಡಿದವನಿಗೆ, ನೆಯ್ದವನಿಗೆ, ನಾಟಿ ಮಾಡಿದವಳಿಗೆ ಕಲ್ಲಿನಲ್ಲಿ ಎಡೆ ದೊರೆತುದು ವಿರಳ. ಅವರಿಗೆ ದೊರೆತುದು ಮಣ್ಣು ಮತ್ತು ಕಟ್ಟಿಗೆ.

ಹಾನಗಲ್ಲನ್ನೇ ವಿರಾಟನ ನಗರಿಯೆಂದು ಹೇಳುವ ಐತಿಹ್ಯವು ಈ ಪ್ರಾಂತದಲ್ಲಿ ಪ್ರಸಿದ್ಧವಾಗಿದೆ. ಆ ವಿರಾಟಪರ್ವದಲ್ಲಿಯೇ ಗೊಂಬೆಗಳ ಮಾತು ಬಂದಿರುವದು ಒಂದು ಯೋಗಾಯೋಗವು. ಕೌರವರಿಂದ ಗೋವುಗಳನ್ನು ಬಿಡಿಸಿ ತರಲು ರಥವೇರಿದ ಬೃಹನ್ನಳೆಗೆ, ಉತ್ತರೆಯೂ ಅವಳ ಸಖಿಯರೂ ಭೀಷ್ಮದ್ರೋಣಾದಿಗಳ ನವುರಾದ ಬಣ್ಣದ ವಸ್ತ್ರಗಳನ್ನು ತಮ್ಮ ಪಾಂಚಾಲಿಕೆಗಳಿಗಾಗಿ ತರಬೇಕೆಂದು ಕೇಳುವರು. ಪಾಂಚಾಲಿಕೆಯೆಂದರೆ ಗೊಂಬೆ. ಅರಸುಮಗಳ ಗೊಂಬೆಗೆ ಉಡಲು ಮಹಾರಥಿಗಳ ಮೈಮೇಲಿನ ವಸ್ತ್ರವೇ ಬೇಕಾಯಿತು. ಗೊಂಬೆ ಗೇಣುದ್ದವಿದ್ದರೂ ಅದರ ಒಡತಿಯ ಅಂತಸ್ತು ಗೇಣುದ್ದದ್ದಲ್ಲವೆಂದು ಮಹಾಭಾರತಕಾರನು ಅರಿತಿದ್ದನು.

ಇದಕ್ಕೂ ಹೆಚ್ಚು ಮನಮುಟ್ಟುವ ನಿದರ್ಶನವು ಶೂದ್ರಕನ ಮೃಚ್ಛಕಟಿಕದಲ್ಲಿದೆ. ದಾನಮಾಡಿ ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿಬಂದು, ತನಗೂ ಅಂಥದೇ ಬೇಕೆಂದು ಹಟಹಿಡಿಯುವನು. ದಾಸಿಯಾದ ರದನಿಕೆಯು ಮಣ್ಣಿನ ಬಂಡಿಯನ್ನು ಮಾಡಿಕೊಟ್ಟರೂ ಮಗುವಿನ ಅಳು ನಿಲ್ಲಲೊಲ್ಲದು. ಆಗ ವಸಂತಸೇನೆಯು ತನ್ನ ಒಡವೆಗಳನ್ನೆಲ್ಲ ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುವಳು. ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗುವವೂ ಈ ಒಡವೆಗಳೇ. ನಾಟಕಕ್ಕೆ ನಾಯಕನ ಹೆಸರನ್ನೂ ನಾಯಿಕೆಯ ಹೆಸರನ್ನೂ ಇಡದೆ ಮಗುವಿನ ಆಟಿಗೆಯ ಹೆಸರನ್ನಿಟ್ಟ ಕವಿಯ ಅಭಿಪ್ರಾಯವು ಚಿಂತನಾರ್ಹವಾದುದು. ಐಶ್ವರ್ಯ ದಾರಿದ್ರ್ಯಗಳ ಅಂತರವನ್ನು ಮಗುವು ಮೊದಲು ಅರಿಯುವದು ಆಟಿಗೆಯಿಂದಲೇ.

ಹೀಗಿರುವದರಿಂದ ಯಾವದೇ ಕಿರುರೂಪವನ್ನು ಚರಿತ್ರೆಯ ಸಾಧನವನ್ನಾಗಿ ಪರೀಕ್ಷಿಸುವಾಗ, ಅದು ಯಾರ ರೂಪವೆಂದು ಕೇಳಿದರೆ ಸಾಲದು. ಅದನ್ನು ಮಾಡಿಸಿದವರಾರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಸ್ಥಳದಲ್ಲಿ ನಿಂತಿತು ಎಂಬುದನ್ನೂ ಕೇಳಬೇಕು. ಒಂದೇ ಬಗೆಯ ಗೊಂಬೆ ಬೇರೆ ಬೇರೆ ಒಡೆಯರ ಬಳಿಯಲ್ಲಿ ಬೇರೆ ಬೇರೆ ಮಾತನ್ನಾಡುವದು.

ದೂರದ ಈಜಿಪ್ತ ದೇಶದ ಉದಾಹರಣೆಯನ್ನು ಮೊದಲು ನೋಡಬಹುದು. ಅಲ್ಲಿಯ ಥೀಬ್ಸಿನಲ್ಲಿ ಮೆಕೆತ್ರೆಯೆಂಬ ರಾಜಾಧಿಕಾರಿಯ ಸಮಾಧಿಯೊಳಗೆ, ಕ್ರಿ. ಪೂ. ಸುಮಾರು 2000ರ ಕಾಲದ ಮರದ ಕಿರುರೂಪಗಳು 1920ರಲ್ಲಿ ದೊರೆತವು. ಕಣಜ, ರೊಟ್ಟಿಮನೆ, ನೆಯ್ಗೆಮನೆ, ಬಡಗಿಗಳ ಕಾರ್ಯಶಾಲೆ, ದೋಣಿಗಳು ಎಲ್ಲವೂ ಅದರಲ್ಲಿರುವವು. ಒಂದರಲ್ಲಿ ದನಗಳ ಎಣಿಕೆ ನಡೆದಿದೆ: ಮೆಕೆತ್ರೆಯು ಕಂಬಗಳ ಚಾವಡಿಯ ನೆರಳಿನಲ್ಲಿ ಕುಳಿತಿರುವನು, ಕರಣಿಕರು ಪಕ್ಕದಲ್ಲಿ ಲೆಕ್ಕ ಬರೆಯುತ್ತಿರುವರು, ಗೋವಳರು ಬಯಲಿನಲ್ಲಿ ದನಗಳನ್ನು ಹೊಡೆದುಕೊಂಡು ಬರುತ್ತಿರುವರು. ನಾಲ್ಕು ಸಾವಿರ ವರ್ಷಗಳ ಹಿಂದಿನ ಗೋವಳನ ನಿಲುವು, ನೆಯ್ಗೆಯವಳ ಕೈ ಇವು ಇಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ದೊರೆಯುವದು ಕಷ್ಟ. ಆದರೆ ಆ ದುಡಿಮೆಗಾರರು ಅಲ್ಲಿರುವದು ತಮ್ಮ ನೆನಪಿಗಾಗಿ ಅಲ್ಲ. ಸತ್ತ ಒಡೆಯನಿಗೆ ಪರಲೋಕದಲ್ಲಿಯೂ ಸೇವೆ ತಪ್ಪಬಾರದೆಂಬುದಕ್ಕಾಗಿ. ನೆರಳು ಯಾರದು ಬಿಸಿಲು ಯಾರದು ಎಂಬುದು ಅಲ್ಲಿ ಶಾಶ್ವತವಾಗಿ ನಿರ್ಧರಿಸಲ್ಪಟ್ಟಿದೆ.

ಎರಡನೆಯದು ಬಂಗಾಲದ ಕೃಷ್ಣನಗರದ ಮಣ್ಣಿನ ಗೊಂಬೆಗಳದು. ಅಲ್ಲಿಯ ಕುಂಬಾರರು ದೇವತಾಮೂರ್ತಿಗಳ ಜೊತೆಗೆ ರೈತ, ಬೆಸ್ತ, ಬುಟ್ಟಿ ಹೆಣೆಯುವವ, ನೀರು ಹೊರುವವ ಮೊದಲಾದವರ ಗೊಂಬೆಗಳನ್ನು ನರಗಳು ಕಾಣುವಷ್ಟು ಯಥಾರ್ಥವಾಗಿ ಮಾಡುವರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಇವು ಹೋದವು. ಅಲ್ಲಿ ನೋಡಿದವರು ಕುಶಲತೆಯನ್ನು ಹೊಗಳಿದರು. ಆದರೆ ಆಳುವವರ ದೃಷ್ಟಿಯಲ್ಲಿ ಆ ಗೊಂಬೆಗಳು ಹಿಂದುಸ್ಥಾನದ ಜಾತಿ ಮತ್ತು ಕಸಬುಗಳ ಮಾದರಿಗಳಾದವು. ಬೆಸ್ತನಿಗೆ ಅಲ್ಲಿ ಮನೆಯಿಲ್ಲ, ನದಿಯಿಲ್ಲ, ನೆರೆಯವರಿಲ್ಲ. ಒಂದು ಗಾಜಿನ ಪೆಟ್ಟಿಗೆ ಮತ್ತು ಒಂದು ಚೀಟಿ ಮಾತ್ರ. ಹೀಗೆ ಕಿರುರೂಪವು ಒಬ್ಬನ ಹತ್ತಿರ ಸೇವಕನಾಗಿ, ಇನ್ನೊಬ್ಬನ ಹತ್ತಿರ ನಮೂನೆಯಾಗಿ ಬಾಳಿತು.

ಇನ್ನು ಕನ್ನಡ ನಾಡಿನೊಳಗೆ ಬಂದರೆ, ಮೈಸೂರು ಸೀಮೆಯ ನವರಾತ್ರಿಯ ಗೊಂಬೆಹಬ್ಬವು ಎಲ್ಲರಿಗೂ ತಿಳಿದ ಸಂಗತಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಮಹೋತ್ಸವವನ್ನು ಆರಂಭಿಸಿದರು. ಆ ಸೀಮೆಯ ಮನೆಮನೆಗಳಲ್ಲಿ ಗೊಂಬೆಗಳಿಗೂ ಒಂದು ದರಬಾರು ಬೆಳೆದು ಬಂದಿತು. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯ ಮೆಟ್ಟಿಲುಗಳು. ಮೇಲಣ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳಾದ ರಾಜರಾಣಿಯರು. ಮದುವೆಯಾಗಿ ಹೋಗುವ ಮಗಳಿಗೆ ತೌರಿನವರು ಇವನ್ನು ಕೊಡುವ ರೂಢಿಯುಂಟು. ಕೆಳಗಣ ಮೆಟ್ಟಿಲಿನಲ್ಲಿ ಶೆಟ್ಟಿ ಮತ್ತು ಶೆಟ್ಟಿತಿ: ಬೊಜ್ಜು ಹೊಟ್ಟೆ, ನಗುಮುಖ, ಮುಂದೆ ಕಿರುಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಎಷ್ಟು ಸೊಗಸಾದ ಅಂಗಡಿಯದು! ಆದರೆ ಮೆಟ್ಟಿಲೆಂಬುದೇ ಇಲ್ಲಿಯ ಮುಖ್ಯ ಮಾತು. ಯಾರನ್ನು ಯಾರ ಮೇಲೆ ಕೂಡಿಸಬೇಕೆಂಬುದನ್ನು ಹುಡುಗಿಯರು ಪುಸ್ತಕದಿಂದ ಕಲಿಯಲಿಲ್ಲ, ವರ್ಷವರ್ಷವೂ ಗೊಂಬೆಗಳನ್ನು ಒರೆಸಿ ಇಡುವಾಗ ಕಲಿತರು. ಶೆಟ್ಟಿಯ ಬಟ್ಟಲಿನಲ್ಲಿ ಅಕ್ಕಿ ಕಾಣುವದು. ಅದನ್ನು ಬೆಳೆದವನು ಅನೇಕ ಮನೆಗಳ ಮೆಟ್ಟಿಲುಗಳಲ್ಲಿ ಕಾಣಿಸನು.

ಅವನು ಕಾಣಿಸುತ್ತಿದ್ದ ಸ್ಥಳ ಬೇರೊಂದಿದ್ದಿತು. ಕೊಪ್ಪಳ ಜಿಲ್ಲೆಯ ಕಿನ್ನಾಳವೇ ಅದು. ಅಲ್ಲಿಯ ಚಿತ್ರಗಾರರ ಪೂರ್ವಜರು ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರೆಂದು ಹೇಳಿಕೆಯುಂಟು. ಅವರ ಕೆಲಸದ ಕ್ರಮವು ನಿಧಾನದ್ದು. ಹಗುರವಾದ ಕಟ್ಟಿಗೆಯಲ್ಲಿ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಜೋಡಿಸುವರು. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಕಟ್ಟಿಗೆಯ ಹೊಟ್ಟು ಹಾಗೂ ಹುಣಿಸೆಬೀಜದ ಸರಿಯೊಡನೆ ಕಲಸಿದರೆ ಕಿಟ್ಟವಾಗುವದು. ಅದನ್ನು ಮೈಗೆಲ್ಲ ಸವರಿ, ಮೇಲೆ ಅರಿವೆಯ ತುಣುಕುಗಳನ್ನಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪವನ್ನು ಕೊಟ್ಟ ಬಳಿಕವೇ ಬಣ್ಣ. ಒಡವೆಗಳ ಉಬ್ಬುಗೆಲಸಕ್ಕೂ ಆ ಕಲ್ಲಿನ ಪುಡಿಯೇ. ಗರುಡನ ಮೂರ್ತಿಗೆ 12 ಬಿಡಿಭಾಗಗಳು, ಪೀಠದ ಮೇಲೆ ಕುಳಿತ ಗಣಪತಿಗೆ 22. ಚಿಂದಿ, ಹೊಟ್ಟು, ಬೀಜ, ಕಲ್ಲಿನ ಪುಡಿ ಎಂಬ ಯಾರಿಗೂ ಬೇಡಾದ ವಸ್ತುಗಳಿಂದ ಅರಮನೆಗೂ ಒಪ್ಪುವ ಕಾಂತಿಯನ್ನು ತೆಗೆಯುವ ವಿದ್ಯೆಯದು.

ಈ ಕಿನ್ನಾಳದಲ್ಲಿ ಹಿಂದೆ ಬಹಳ ಬೇಡಿಕೆಯಿದ್ದುದು ಕಸಬುದಾರರ ಗೊಂಬೆಗಳಿಗೆ. ನಾನಾ ಉದ್ಯೋಗಗಳಲ್ಲಿ ತೊಡಗಿದ ಗಂಡಸರು ಹೆಂಗಸರು ಅಲ್ಲಿ ಮನೆಮನೆಗೆ ಮಾರಾಟವಾದರು. ಕಾಲಕ್ರಮದಲ್ಲಿ ಕೊಳ್ಳುವವರ ಅಭಿರುಚಿ ಬದಲಾಯಿತು. ದೇವರು, ಪಶು, ಪಕ್ಷಿಗಳ ರೂಪಗಳೇ ಹೆಚ್ಚು ಬೇಕಾದವು. ಕಸುಬಿಗೆ ಸರಕಾರದ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುವದು ಸಂತೋಷದ ಸಂಗತಿ. ಆದರೆ ಮನ್ನಣೆಯು ಕಿನ್ನಾಳದ ಹೆಸರನ್ನು ಕಾಯಬಲ್ಲುದೇ ಹೊರತು, ಯಾವ ಗೊಂಬೆಯನ್ನು ಮಾಡಬೇಕೆಂಬುದನ್ನು ನಿರ್ಣಯಿಸಲಾರದು. ಅದನ್ನು ನಿರ್ಣಯಿಸುವದು ಕೊಳ್ಳುವವರ ಕೈಚೀಲ. ಗರುಡನಿಗೆ ಗೊಂಬೆಯ ಹೊರತಾಗಿಯೂ ಪುರಾಣವಿದೆ, ಸ್ತೋತ್ರವಿದೆ, ಗರುಡಗಂಬವಿದೆ. ಕಸಬುದಾರನಿಗೆ ಇದ್ದುದು ಆ ಗೇಣುದ್ದದ ಕಟ್ಟಿಗೆ ಮಾತ್ರ. ಅದು ಪಡಸಾಲೆಯ ಗೂಡಿನಿಂದ ಇಳಿದುಹೋದಾಗ, ಚರಿತ್ರೆಯಿಂದಲೂ ಒಂದು ಪುಟ ಹರಿದುಹೋದಂತಾಯಿತು.

ಅಸ್ತು. ಅಕ್ಕಿಆಲೂರು, ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಹಳ್ಳಿಗಳಲ್ಲಿ ಮೈಸೂರಿನಂತೆ ಮೆಟ್ಟಿಲ ದರಬಾರಿಲ್ಲ. ಇಲ್ಲಿರುವದು ಮಣ್ಣಿನ ವರ್ಷ. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆಗಳೆಂದು ಹಿರಿಯರು ಎಣಿಸುವರು: ಜ್ಯೇಷ್ಠದಲ್ಲಿ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ ಮತ್ತು ಜೋಕುಮಾರ. ಮುಂಗಾರಿನಿಂದ ತೆನೆ ಬಲಿಯುವವರೆಗಿನ ಒಕ್ಕಲುತನದ ಕಾಲವೆಲ್ಲ ಈ ಐದು ಮೂರ್ತಿಗಳ ನಡುವೆ ಹಂಚಿಹೋಗಿದೆ. ಇವು ಮಳೆಗಾಲದ ಮಣ್ಣಿನಿಂದ ಹುಟ್ಟಿ ಮಳೆಗಾಲದ ನೀರಿನಲ್ಲಿಯೇ ಕರಗುವವು. ಆದುದರಿಂದ ವಸ್ತುಸಂಗ್ರಹಾಲಯಗಳಲ್ಲಿ ಇವು ದೊರೆಯವು. ಇವುಗಳ ಚರಿತ್ರೆಯನ್ನು ಆಚರಣೆಯಲ್ಲಿಯೇ ಓದಬೇಕು.

ಮಣ್ಣೆತ್ತಿನ ಅಮಾವಾಸ್ಯೆಯನ್ನು ನೋಡಿರಿ. ಹದಿನೈದು ದಿನಗಳ ಹಿಂದೆ, ಕಾರಹುಣ್ಣಿವೆಯ ದಿನ, ನಿಜವಾದ ಎತ್ತುಗಳಿಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸಿದ್ದಾಯಿತು. ಅಂದು ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದವನದೇ ಹಬ್ಬ. ಆದರೆ ಅಮಾವಾಸ್ಯೆಯ ದಿನ ಒಂದು ಜೋಡಿ ಮಣ್ಣಿನ ಎತ್ತು, ಮುಂದೊಂದು ಮಣ್ಣಿನ ಗೋದಲಿ, ಇಷ್ಟು ಇದ್ದರೆ ಸಾಕು. ಸ್ವಂತಕ್ಕೆ ಹೊಲವಿಲ್ಲದ ಕೂಲಿಯವನ ಮನೆಯಲ್ಲಿಯೂ ಅಂದು ಎತ್ತುಗಳಿರುವವು. ರೋಹಸೇನನ ಮಣ್ಣಿನ ಬಂಡಿಯು ಅವನ ಬಡತನವನ್ನು ಎತ್ತಿ ತೋರಿಸಿತು. ಈ ಮಣ್ಣಿನ ಎತ್ತು ಒಂದು ದಿನದ ಮಟ್ಟಿಗೆ ಅದನ್ನು ಮರೆಸುವದು. ಮಣ್ಣು ಒಂದೇ, ಅದರ ಕೆಲಸ ಬೇರೆ.

ಭಾದ್ರಪದದ ಎರಡು ಮೂರ್ತಿಗಳಲ್ಲಿ ಊರಿನ ಅಂತಸ್ತುಗಳ ವಿಚಾರವು ಇನ್ನೂ ಸ್ಪಷ್ಟವಾಗುವದು. ಶುದ್ಧ ಚತುರ್ಥಿಗೆ ಬರುವ ಗಣಪನು ಮಂಗಲವಾದ್ಯದೊಡನೆ ಒಳಗೆ ಬರುವನು. ಅವನಿಗೆ ಮಣೆ, ಮಂಟಪ, ಕಡಬು, ಮೋದಕ. ನಾಲ್ಕು ದಿನಗಳಾದ ಮೇಲೆ, ಅಷ್ಟಮಿಗೆ, ಜೋಕುಮಾರನು ಹುಟ್ಟುವನು. ಅಗಲ ಮುಖ, ದೊಡ್ಡ ಕಣ್ಣು, ತೆರೆದ ಬಾಯಿ, ಹುರಿಮೀಸೆ. ಕುಂಬಾರರ ಇಲ್ಲವೆ ಬಡಿಗೇರರ ಕೈಯಲ್ಲಿ ಅವನ ಜನ್ಮ. ಈ ವಿಷಯದಲ್ಲಿ ಊರಿಂದೂರಿಗೆ ಪದ್ಧತಿಯ ಭೇದವುಂಟು. ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂಡಿಸಿ, ಅಂಬಿಗರ, ಬಾರಕೇರರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುವರು. ಅಂಗಳದಲ್ಲಿ ಬುಟ್ಟಿಯನ್ನಿಳಿಸಿ ಹಾಡುವರು. ಮನೆಯೊಡತಿ ಮೊರದಲ್ಲಿ ಕಾಳು ತಂದು ನೀಡಿ, ಅವನ ಬಾಯಿಗೆ ಬೆಣ್ಣೆ ಒರೆಸುವಳು. ಒಳಗಿನ ಜಗುಲಿಗೆ ಅವನಿಗೆ ಪ್ರವೇಶವಿಲ್ಲ. ಏಳು ದಿನಗಳಲ್ಲಿ ಅವನ ಆಯುಷ್ಯ ತೀರುವದು. ಹುಣ್ಣಿವೆಯ ಹೊತ್ತಿಗೆ ಒನಕೆಯ ಪೆಟ್ಟಿನಿಂದ ಅವನ ರುಂಡ ಹಾರಿಸಿ, ಹಳ್ಳದಲ್ಲಿ ಅಗಸರ ಕಲ್ಲಿನ ಬಳಿ ಬಿಸುಡುವರು. ಅಗಸರ ಹುಡುಗಿಯನ್ನು ಕೆಣಕಿದುದಕ್ಕೆ ಅವಳ ಬಂಧುಗಳಿಂದ ಅವನಿಗೆ ಸಾವು ಬಂದಿತೆಂಬುದು ಕಥೆ.

ವಾಚಕರು ಇಲ್ಲಿ ಗಮನಿಸತಕ್ಕದ್ದು ಮೂರ್ತಿಯ ರೂಪಕ್ಕಿಂತ ಅದು ನಡೆದ ಹಾದಿಯನ್ನು. ಕುಂಬಾರನ ತಿಗರಿಯ ಬಳಿಯಿಂದ ಹೊರಟು, ಅಂಬಿಗರ ತಲೆಯೇರಿ, ಗೌಡ ಶಾನುಭೋಗರ ಅಂಗಳಗಳನ್ನು ಮುಟ್ಟಿ, ಅಗಸರ ಕಲ್ಲಿನಲ್ಲಿ ಅದು ಮುಗಿಯುವದು. ಊರಿನ ಓಣಿಗಳೂ ಆಯಗಾರರೂ ಯಾರು ಎಲ್ಲಿ ನಿಲ್ಲಬೇಕೆಂಬ ಕಟ್ಟಳೆಯೂ ಆ ಒಂದು ಬುಟ್ಟಿಯ ಹಾದಿಯಲ್ಲಿ ಬರೆದಿಟ್ಟಂತಿರುವವು. ಮೈಸೂರಿನ ಗೊಂಬೆಗಳು ಮೆಟ್ಟಿಲುಗಳ ಮೇಲೆ ಕುಳಿತು ತೋರಿಸಿದುದನ್ನು ಜೋಕುಮಾರನು ತಿರುಗಾಡಿ ತೋರಿಸುವನು. ಭೇದವಿಷ್ಟೇ: ಅಲ್ಲಿ ನೋಟವು ಮೇಲಣ ಮೆಟ್ಟಿಲಿನಿಂದ ಕೆಳಗಿಳಿಯುವದು, ಇಲ್ಲಿ ಅಂಗಳದಿಂದ ಒಳಮನೆಯನ್ನು ನೋಡುವದು.

ಈ ನೋಟದ ಭೇದವನ್ನು ಜನಪದರೇ ಒಂದು ಕಥೆಯಲ್ಲಿ ಬಿಡಿಸಿ ಹೇಳಿರುವರು. ಭೂಲೋಕದಿಂದ ಹಿಂದಿರುಗಿದ ಗಣಪನನ್ನು ಶಿವನು, ಜನರು ಹೇಗಿರುವರೆಂದು ಕೇಳಿದನಂತೆ. ಉಂಡ ಕಡಬಿನ ರುಚಿ ಬಾಯಲ್ಲಿದ್ದ ಗಣಪನು, ಎಲ್ಲರೂ ಸುಖದಲ್ಲಿರುವರೆಂದು ಹೇಳಿದನು. ಆಮೇಲೆ ಬಂದ ಜೋಕುಮಾರನನ್ನು ಕೇಳಲು, ಮಳೆಯಿಲ್ಲದೆ ಬೆಳೆ ಬಾಡಿ ಜನರು ಕಂಗಾಲಾಗಿರುವರೆಂದು ಅವನು ಬಿನ್ನವಿಸಿದನು. ಅದನ್ನು ಕೇಳಿ ಶಿವನು ಮಳೆ ಕರುಣಿಸಿದನೆಂದು ನಂಬುಗೆ. ಇಬ್ಬರೂ ಒಂದೇ ಮಣ್ಣಿನವರು, ಒಂದೇ ಊರಿಗೆ ಬಂದವರು. ಒಬ್ಬನು ಒಳಗೆ ಕುಳಿತು ಎಡೆಯನ್ನು ಕಂಡನು. ಇನ್ನೊಬ್ಬನು ಹೊರಗೆ ತಿರುಗಿ ಹೊಲವನ್ನು ಕಂಡನು. ಗಣಪನು ಸುಳ್ಳಾಡಿದನೆಂದು ಕಥೆ ಹೇಳುವದಿಲ್ಲ. ಕುಳಿತ ಸ್ಥಳದಿಂದ ಅವನಿಗೆ ಕಂಡದ್ದೇ ಅಷ್ಟು. ರಾಜನ ಆಸ್ಥಾನದಿಂದ ಬರೆದ ಚರಿತ್ರೆಗೂ ಅಂಗಳದಿಂದ ಬರೆಯಬೇಕಾದ ಚರಿತ್ರೆಗೂ ಇರುವ ಅಂತರವು ಈ ಸಣ್ಣ ಕಥೆಯಲ್ಲಿ ಅಡಗಿದೆ.

ಕಾಲವು ಈ ಮೂರ್ತಿಗಳನ್ನೂ ಬಿಟ್ಟಿಲ್ಲ. 1893ರಲ್ಲಿ ಲೋಕಮಾನ್ಯ ತಿಲಕರು ಗಣೇಶೋತ್ಸವವನ್ನು ಸಾರ್ವಜನಿಕಗೊಳಿಸಲು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿಯೂ ಕ್ರಮೇಣ ಗಣಪನು ಮನೆಯಿಂದ ಬೀದಿಯ ಮಂಟಪಕ್ಕೆ ಬಂದನು. ಮೂರ್ತಿಯು ಬೆಳೆಯುತ್ತ ಹೋಯಿತು. ಕುಂಬಾರನ ಕೈ ಹೋಗಿ ಅಚ್ಚು ಬಂದಿತು. ಕೆರೆಯ ಮಣ್ಣು ಹೋಗಿ ಪ್ಲಾಸ್ಟರ ಬಂದಿತು. 2016ರಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ಲಾಸ್ಟರ ಮೂರ್ತಿಗಳನ್ನು ನಿಷೇಧಿಸಿದುದು ನೀರಿನ ಹಿತಕ್ಕಾಗಿ. ಅದರಿಂದ ಮಣ್ಣಿನವನಿಗೂ ಹಿತವಾದರೆ ಒಳ್ಳೆಯದು. ಜೋಕುಮಾರನಿಗೆ ಇಂಥ ಬೆಳವಣಿಗೆಯಾಗಲಿಲ್ಲ. ಅವನು ಬುಟ್ಟಿಯಷ್ಟೇ ಉಳಿದನು. ಹೊರುವ ಮನೆತನದ ಹುಡುಗಿಯರು ಶಾಲೆಗೆ ಹೋಗತೊಡಗಿದಂತೆ ಬುಟ್ಟಿ ಹೊರುವವರು ಕಡಿಮೆಯಾಗುವದು ಅನಿವಾರ್ಯ, ಮತ್ತು ಅದಕ್ಕಾಗಿ ಮರುಗುವದು ನ್ಯಾಯವಲ್ಲ. ಅಂಗಳದಲ್ಲಿಯೇ ನಿಲ್ಲಬೇಕೆಂಬ ಕಟ್ಟಳೆಯನ್ನು ಉಳಿಸಿಕೊಂಡು ಹಬ್ಬದ ಸೊಗಸನ್ನು ಕೊಂಡಾಡುವದು ಕೊಂಡಾಡುವವನಿಗೆ ಸುಲಭ, ಅಂಗಳದಲ್ಲಿ ನಿಂತವಳಿಗಲ್ಲ. ಆಚರಣೆ ಬದಲಾಗಲಿ, ಅದು ಹೇಳುತ್ತಿದ್ದ ಸಾಕ್ಷ್ಯವು ಮಾತ್ರ ಬರವಣಿಗೆಯಿಲ್ಲದೆ ಅಳಿಯಬಾರದು.

ಇದೇ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಗೋಟಗೋಡಿಯಲ್ಲಿ, ಪುಣೆ ಬೆಂಗಳೂರು ಹೆದ್ದಾರಿಯ ಬದಿಗೆ, ಕಲಾವಿದರಾದ ಟಿ. ಬಿ. ಸೊಲಬಕ್ಕನವರರು ಈ ಅಭಾವವನ್ನು ಬೇರೊಂದು ರೀತಿಯಿಂದ ತುಂಬಲೆತ್ನಿಸಿದರು. ಅವರ ಉತ್ಸವ ಶಿಲ್ಪವನದಲ್ಲಿ ಒಕ್ಕಲಿಗರು, ಕಸಬುದಾರರು, ದನಕರುಗಳು, ಹಳ್ಳಿಯ ಮನೆಗೆಲಸಗಳು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಂತಿರುವವು. ಕಲ್ಲಿನಲ್ಲಿ ಎಡೆ ಸಿಗದವರಿಗೆ ಕಲ್ಲಿನಂತೆ ಬಾಳುವ ವಸ್ತುವಿನಲ್ಲಿ ಎಡೆ ದೊರಕಿಸಿದುದು ಅವರ ಪುಣ್ಯಕಾರ್ಯವೇ ಸರಿ. ಅದೇ ಗೋಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇರುವದರಿಂದ, ವಿದ್ವಾಂಸರಿಗೆ ಅನುಕೂಲವು ಹತ್ತಿರದಲ್ಲಿಯೇ ಒದಗಿದೆ. ಆದರೆ ಆಳೆತ್ತರದ ಶಿಲ್ಪವನ್ನು ನೋಡಲು ಜನರು ಅದರ ಬಳಿಗೆ ಹೋಗಬೇಕು. ಗೇಣುದ್ದದ ಗೊಂಬೆಯು ತಾನೇ ಮನೆಗೆ ಬರುತ್ತಿದ್ದಿತು. ಮಗುವಿನ ಕೈಗೆ ಸಿಕ್ಕು, ಮುರಿದು, ಮತ್ತೆ ಅಂಟಿಸಿಕೊಂಡು, ಆ ಮನೆಯ ಮಾತಾಗುತ್ತಿದ್ದಿತು. ಆ ಕೆಲಸವನ್ನು ಶಿಲ್ಪವನವಾಗಲಿ ವಿದ್ಯಾಪೀಠವಾಗಲಿ ಮಾಡಲಾರದು, ಮನೆಗಳೇ ಮಾಡಬೇಕು.

ಅದಕ್ಕಾಗಿ ಹೆಚ್ಚಿನ ವೆಚ್ಚವೇನೂ ಇಲ್ಲ. ಅಟ್ಟದ ಪೆಟ್ಟಿಗೆಗಳಲ್ಲಿ ಅಜ್ಜಿಯರ ಕಾಲದ ಕಿನ್ನಾಳದ ಗೊಂಬೆಗಳು ಇದ್ದಲ್ಲಿ, ಹೊಸ ಬಣ್ಣ ಬಳಿಯದೆ, ಯಾವ ಕಸಬಿನ ರೂಪವದು, ಯಾವ ಜಾತ್ರೆಯಲ್ಲಿ ಬಂದಿತು, ಯಾರ ಮದುವೆಯಲ್ಲಿ ಬಂದಿತು ಎಂದು ಹಿರಿಯರನ್ನು ಕೇಳಿ ಚೀಟಿ ಬರೆದಿಡಬೇಕು. ಕಿನ್ನಾಳಕ್ಕೆ ಹೋದವರು ಒಂದು ಗರುಡನ ಜೊತೆಗೆ ಒಬ್ಬ ಕಸಬುದಾರನನ್ನೂ ಕೇಳಿ ಮಾಡಿಸಬೇಕು. ಕೇಳುವವರಿದ್ದರೆ ಮಾಡುವ ಕೈಗಳು ಇನ್ನೂ ಇವೆ. ಶಾಲೆಯ ಮಕ್ಕಳು ಮಣ್ಣೆತ್ತನ್ನು ತಾವೇ ಮಾಡಲಿ. ಭಾದ್ರಪದದ ಅಷ್ಟಮಿಯ ನಂತರ ಅಂಗಳಕ್ಕೆ ಬುಟ್ಟಿ ಬಂದರೆ, ಕಾಳು ನೀಡುವದರ ಜೊತೆಗೆ, ಮೂರ್ತಿಯನ್ನು ಮಾಡಿದವರು ಯಾವ ಮನೆಯವರು, ಬುಟ್ಟಿ ಎಷ್ಟು ಊರುಗಳನ್ನು ತಿರುಗಿತು, ಯಾವ ಓಣಿಗೆ ಹೋಯಿತು ಯಾವುದಕ್ಕೆ ಹೋಗಲಿಲ್ಲ, ಎಂಬುದನ್ನು ಹೊತ್ತು ತಂದವರಿಂದಲೇ ಕೇಳಿ ಬರೆದುಕೊಳ್ಳಬೇಕು. ಹಾಗೆ ಕೇಳುವಾಗ ಅವರಿಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಕುಳ್ಳಿರಿಸಿಯೇ ಕೇಳಬೇಕು.